ನಾಲ್ಕನೆಯ ವಸ್ತು

ವಿಲ್ನಿಯಸ್‌ನ ನಮ್ಮ ಪ್ರಯೋಗಾಲಯದಲ್ಲಿ ವಸ್ತುಗಳ ಒಳಗನ್ನು ತೋರಿಸುವ ಟೆರಾಹರ್ಟ್ಸ್ ಕ್ಯಾಮೆರಾದ ಪೆಟ್ಟಿಗೆಯೊಳಗೆ ಮಾತ್ರೆಗಳನ್ನಿಡುವುದು ನನ್ನ ಕೆಲಸ. ಹೇಗೋ ಪಿಂಚಣಿಯವರೆಗೆ ತಳ್ಳಿಬಿಟ್ಟರೆ ಸಾಕು ಅಂತ ಮುಖ್ಯಸ್ಥ ದೌಮಂತಾಸನ ಎಲ್ಲ ತಿಕ್ಕಲುಗಳನ್ನೂ ಸಹಿಸಿಕೊಂಡಿದ್ದೆ.

ಮಾತ್ರೆಯ ಒಂದೊಂದು ಚುಕ್ಕೆಯಲ್ಲೂ ಔಷಧ, ಸಕ್ಕರೆ, ಪಿಷ್ಟ ಮೂರೂ ಕಲಸಿಹೋಗಿ ಒಂದೇ ಸಂಕೇತ ಬರುತ್ತದೆ. ಕಂಪ್ಯೂಟರ್ ಅದನ್ನು ಬಿಡಿಸಿಕೊಡಬೇಕು. ಆದರೆ ಎಷ್ಟು ವಸ್ತುಗಳಿವೆ ಎಂದು ಅದಕ್ಕೆ ನಾವೇ ಮೊದಲು ಹೇಳಬೇಕು. ದೌಮಂತಾಸ್ ನಾಲ್ಕು ಎಂದು ಒತ್ತಿದ. ಅನುದಾನದ ಅರ್ಜಿಯಲ್ಲಿ ಹಾಗೆ ಬರೆದುಬಿಟ್ಟಿದ್ದ. ಕಂಪ್ಯೂಟರ್ ಪಾಪ, ಹೇಳಿದ ಮಾತು ಕೇಳಿ ನಾಲ್ಕನೆಯದನ್ನೂ ಹುಡುಕಿಕೊಟ್ಟಿತು.

“ಅದು ನನ್ನ ಉಸಿರು ಕಣಪ್ಪ,” ಎಂದೆ. “ಇಡೀ ದಿನ ನಿನ್ನನ್ನ ಬೈಕೊಂಡು ಪೆಟ್ಟಿಗೆ ಮೇಲೆ ಬಗ್ಗಿರ್ತೀನಿ. ಬಾಯಿಂದ ಬರೋ ಆವಿ ಒಳಗೆ ಹೋಗುತ್ತೆ.”

“ಅರ್ಜೀಲಿ ಆವಿ ಅಂತಿಲ್ಲ ಲ್ಯುದ್ವಿಕಮ್ಮ. ನಾಲ್ಕನೇ ವಸ್ತು ಅಂತಿದೆ.”

ಆ ವಸ್ತುವಿಗೆಂದೇ ಒಂದು ವಿಭಾಗ ತೆರೆದು, ಬಾಗಿಲಿಗೆ ಹಿತ್ತಾಳೆ ಫಲಕ ಹೊಡೆದರು. ವಿಭಾಗಕ್ಕೆ ಒಂದು ಹುದ್ದೆ ಬೇಕಲ್ಲ? ನನ್ನದನ್ನೇ ಕಿತ್ತು ಅಲ್ಲಿಗೆ ಕೊಟ್ಟರು. ಪಿಂಚಣಿಗೆ ಹದಿನೆಂಟೇ ತಿಂಗಳು ಉಳಿದಿತ್ತು. ಕೈಗೊಂದು ಮುಳ್ಳುಮುಳ್ಳಾದ ಶಕೋತಿಸ್ ಕೇಕು ಕೊಟ್ಟು ಕಳಿಸಿದರು. ಮನೆ ತಲುಪುವವರೆಗೂ ಅವರನ್ನು ಬೈದುಕೊಂಡೇ ಹೋದೆ. ಕೇಕನ್ನು ಮಾತ್ರ ಬಿಡಲಿಲ್ಲ, ಪೂರ್ತಿ ತಿಂದೆ.

ಮೂರನೆಯ ದಿನ ದೌಮಂತಾಸನ ಫೋನು.

“ಲ್ಯುದ್ವಿಕಮ್ಮ, ನಾಲ್ಕನೇದು ಕಾಣ್ತಿಲ್ಲ. ಶುಕ್ರವಾರ ತಪಾಸಣೆಯವರು ಬರ್ತಾರೆ. ಸ್ವಲ್ಪ ಬಂದು ಉಸಿರಾಡ್ತೀರಾ?”

“ನೀನೇ ಉಸಿರಾಡು.”

“ಎಲ್ರೂ ಆಡಿ ನೋಡಿದ್ವಿ. ಒಬ್ಬ ತಲೆ ಸುತ್ತಿ ಬಿದ್ದ. ನಿಮ್ಮ ಹಾಗೆ ಬಿಡದೆ ಬೈಯೋಕೆ ಇಲ್ಲಿ ಯಾರಿಗೂ ಬರಲ್ಲ.”

“ನನ್ನ ಹುದ್ದೆ ಕೊಡು, ಬರ್ತೀನಿ.”

“ಹುದ್ದೆ ಹೋಯ್ತಲ್ಲ. ವಸ್ತುಗಳ ಪಟ್ಟೀಲಿ ಒಂದು ಜಾಗ ಇದೆ. ಸಂಬಳ, ಸೇವಾವಧಿ ಎಲ್ಲಾ ಹಾಗೇ ಇರುತ್ತೆ, ಶೇಖರಣಾ ವೆಚ್ಚ ಅಂತ ತೋರಿಸ್ತೀವಿ.”

ನಾಚಿಕೆ ಬಿಟ್ಟು ಒಪ್ಪಿದೆ. ಶುಕ್ರವಾರ ಸಕ್ಕರೆ, ಪಿಷ್ಟದ ಡಬ್ಬಿಗಳ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ, ಕೊರಳಲ್ಲಿ ‘ವಸ್ತು ೪’ ಎಂಬ ಚೀಟಿ. ತಪಾಸಣೆಯ ಅಧಿಕಾರಿ ಪಟ್ಟಿ ನೋಡಿದ, ನನ್ನನ್ನು ನೋಡಿದ, ಸರಿ ಎಂದು ಗುರುತು ಹಾಕಿದ.

“ಇದು ಎಷ್ಟು ದಿನ ಕೆಡದೆ ಇರುತ್ತೆ?” ಎಂದು ಕೇಳಿದ.

ದೌಮಂತಾಸ್ ಅರ್ಜಿಯ ಹಾಳೆ ತಿರುವತೊಡಗಿದ. ನಾನೇ ಹೇಳಿದೆ: “ಹದಿನೆಂಟು ತಿಂಗಳು.”

ಅಧಿಕಾರಿ ಬರೆದುಕೊಂಡು ಮುದ್ರೆ ಒತ್ತಿದ. ಆಮೇಲೆ ದೌಮಂತಾಸನ ಕಡೆ ತಿರುಗಿ ಹೇಳಿದ: “ಅಲ್ಲೀವರೆಗೂ ಇದನ್ನ ಹೊರಗೆ ಹಾಕೋ ಹಾಗಿಲ್ಲ, ತಿಳೀತಾ?”