ಹನ್ನೊಂದು ಪಾಯಿಂಟ್ ನಾಲ್ಕು

"ಮತ್ತೆ ತಪ್ಪು!" ಕೆಮಿಸ್ಟ್ರಿಯ ಶ್ರೀನಿವಾಸಮೂರ್ತಿ ಮೇಷ್ಟ್ರು ರೆಕಾರ್ಡ್ ಪುಸ್ತಕವನ್ನು ತನುಜಾಳ ಕಡೆ ತಳ್ಳಿದರು. "ಹತ್ತು ಪಾಯಿಂಟ್ ಎರಡು ಬರಬೇಕು. ನಿಂಗೆ ಮಾತ್ರ ಹನ್ನೊಂದು ಪಾಯಿಂಟ್ ನಾಲ್ಕು ಹೇಗ್ ಬರುತ್ತೆ?"

ಮೂರನೇ ವಾರ ಇದು. ಅಳತೆಗೆರೆಗಳಿರುವ ಗಾಜಿನ ಕೊಳವೆ ಬ್ಯೂರೆಟ್ಟಿನಿಂದ ಆಸಿಡ್ಡನ್ನು ಹನಿಹನಿಯಾಗಿ ಬಿಡಬೇಕು. ಕೆಳಗಿನ ಫ್ಲಾಸ್ಕಿನ ಗುಲಾಬಿ ಬಣ್ಣ ಹೋದಾಗ ಎಷ್ಟು ಎಂಎಲ್ ಆಸಿಡ್ ಇಳಿದಿದೆ ಎಂದು ಬರೆಯಬೇಕು. ಇಷ್ಟೇ ಪ್ರಯೋಗ. ಫಸ್ಟ್ ಬಿಎಸ್ಸಿಯ ಉಳಿದವರಿಗೆ ಇಷ್ಟೂ ಬೇಕಿರಲಿಲ್ಲ. ಸೀನಿಯರ್‌ಗಳ ಹಳೇ ರೆಕಾರ್ಡಿನಿಂದ ಹತ್ತು ಪಾಯಿಂಟ್ ಎರಡನ್ನು ಇಳಿಸಿಕೊಂಡು, ಸಹಿ ಹಾಕಿಸಿ ಕ್ಯಾಂಟೀನು ಸೇರುತ್ತಿದ್ದರು. ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ನಿಂತು ಶಿವಮೊಗ್ಗಕ್ಕೆ ಬರುವ ಈ ಹುಡುಗಿಗೆ ಆ ಜಾಣತನ ಬರಲಿಲ್ಲ, ಏನು ಮಾಡೋಣ!

ಇವತ್ತು ಸಹಿಯಾಗದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವಂತಿಲ್ಲ. "ಆಗ್ದಿದ್ರೆ ಬಿಟ್ಬಿಡೇ, ಟೈಲರಿಂಗ್ ಆದ್ರೂ ಕಲಿ" ಎಂದು ಅಮ್ಮ ಹೇಳುತ್ತಲೇ ಇದ್ದಳು. ನಿನ್ನೆ ತನುಜಾ ಸಾಕಾಗಿ 'ಹೂಂ' ಅಂದೂಬಿಟ್ಟಿದ್ದಳು.

ಅಳುವೂ ಸಿಟ್ಟೂ ಒಟ್ಟಿಗೇ ಬಂದವು. "ಸರ್, ನೀವೇ ಒಂದ್ಸಲ ಮಾಡಿ ತೋರ್ಸಿ."

"ನೀನು ಹಿಡಿದ ಮೊಲಕ್ಕೆ ಮೂರೇ ಕಾಲು, ಅಲ್ವಾ?" ಮೇಷ್ಟ್ರು ಅಂಗಿಯ ತೋಳು ಮಡಿಸಿ ತಾವೇ ಬ್ಯೂರೆಟ್ ತುಂಬಿದರು. ಹತ್ತು ಪಾಯಿಂಟ್ ಎರಡು ದಾಟಿತು, ಬಣ್ಣ ಹೋಗಲಿಲ್ಲ. ಹನ್ನೊಂದೂ ದಾಟಿತು. ಹನ್ನೊಂದು ಪಾಯಿಂಟ್ ನಾಲ್ಕಕ್ಕೆ ಫ್ಲಾಸ್ಕು ತಿಳಿನೀರಾಯಿತು.

ಬೀಕರ್ ತೊಳೆಯುತ್ತಿದ್ದ ಅಟೆಂಡರ್ ಚೌಡಯ್ಯ ತಲೆಯೆತ್ತದೆ, "ಹೋದ್ವರ್ಷದ ಆಸಿಡ್ ಖಾಲಿ ಆಯ್ತಲ್ಲ ಸಾರ್. ಇದು ಹೊಸದಾಗಿ ಕಲ್ಸಿದ್ದು. ನೀರು ಒಂಚೂರು ಜಾಸ್ತಿ ಆಗಿರ್ಬೇಕು, ಅದ್ಕೇ ಹೆಚ್ಚು ಹಿಡೀತಿದೆ" ಎಂದ.

ಮೇಷ್ಟ್ರು ಬ್ಯೂರೆಟ್ಟಿನ ನಲ್ಲಿ ತಿರುಗಿಸಿ ನಿಲ್ಲಿಸಿದರು. ಆಮೇಲೆ ದನಿ ತಗ್ಗಿಸಿ, "ನಲವತ್ತು ರೆಕಾರ್ಡಿಗೆ ಸಹಿ ಹಾಕಾಗಿದೆ ಮಾರಾಯ್ತಿ. ಈಗ ಎಲ್ಲಾ ತಪ್ಪು ಅನ್ನಕ್ಕಾಗುತ್ತಾ? ನೀನೂ ಹತ್ತು ಪಾಯಿಂಟ್ ಎರಡು ಅಂತ ತಿದ್ದು. ಈಗ್ಲೇ ಸಹಿ ಹಾಕ್ತೀನಿ" ಎಂದರು.

ತಿದ್ದಿದರೆ ಒಂದು ವರ್ಷ ಉಳಿಯುತ್ತಿತ್ತು. ತನುಜಾ ಪೆನ್ನು ತೆಗೆದಳು. ಮೂರು ವಾರದ ತನ್ನ ಮೂರು ಸಾಲುಗಳನ್ನು ಮುಟ್ಟಲಿಲ್ಲ. ಅವುಗಳ ಕೆಳಗೆ ಇನ್ನೊಂದು ಸಾಲಿನಲ್ಲಿ 11.4 ಎಂದು ಬರೆದು, ಪುಸ್ತಕವನ್ನು ಅವರ ಕಡೆ ತಿರುಗಿಸಿಟ್ಟಳು.

"ಇದು ನೀವು ತೆಗ್ದ ರೀಡಿಂಗ್ ಸರ್."

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು.