ಚಂದ್ರಬಾಯಿಯ ಅರ್ಧ ತಾಸು

ನನಗೆ ಅನುಮಾನ ಜಾಸ್ತಿ ಎಂದು ನನ್ನ ಹೆಂಡತಿ ಚಂದ್ರಬಾಯಿ ಹೇಳುತ್ತಾಳೆ. ಇರಲಿ. ಹದಿಮೂರು ವರ್ಷ ಮರಾಠಿ ನಾಡಿನ ತುರ್ಭೆ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತವನು ನಾನು. ಚೀಟಿಯ ಮೇಲೆ ಐವತ್ತು ಕಿಲೊ ಎಂದು ಬರೆದಿದ್ದರೂ ಒಳಗೆ ಐವತ್ತೈದು ಇರುತ್ತದೆ ಎನ್ನುವುದನ್ನು ನನ್ನ ಬೆನ್ನೇ ಹೇಳುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಹಾಗಾಗಿ ತೊಂಬತ್ತಾರರಲ್ಲಿ ಗುರುನಾಥ ತನ್ನ ರೇಡಿಯೊ ಮಾರುತ್ತಿದ್ದಾನೆ ಎಂಬ ಸುದ್ದಿ ಬಂದಾಗ ಇದರಲ್ಲಿ ಏನೋ ಇದೆ ಎಂದುಕೊಂಡೆ.

ರೇಡಿಯೊ ಎಂದರೆ ಸರ್ಕಾರದ್ದಲ್ಲ. ಗುರುನಾಥ ನಮ್ಮ ಇಂಡಿ ತಾಲೂಕಿನವನೇ. ನಮ್ಮ ಗುಡಿಸಲುಗಳ ಝೋಪಡಪಟ್ಟಿಯ ಮೂಲೆಯಲ್ಲಿ ಅವನ ರಿಪೇರಿ ಅಂಗಡಿ. ಅಲ್ಲಿ ಒಂದು ಮೈಕು, ಒಂದು ಟೇಪ್ ರೆಕಾರ್ಡರ್, ಹಳೆಯ ಆಂಪ್ಲಿಫೈಯರ್. ಅಲ್ಲಿಂದ ತಂತಿ ಎಳೆದು ಇನ್ನೂರ ಹತ್ತು ಮನೆಗಳ ಬಾಗಿಲ ಮೇಲೆ ಒಂದೊಂದು ಸ್ಪೀಕರ್ ಡಬ್ಬಿ ಕೂರಿಸಿದ್ದ. ಬೆಳಿಗ್ಗೆ ಐದೂವರೆಗೆ ಡಬ್ಬಿ ಕೆಮ್ಮುತ್ತಿತ್ತು, ಆಮೇಲೆ ನಮ್ಮ ಕಡೆಯ ತತ್ವಪದ, ಯಾವ ಗೋದಾಮಿಗೆ ಎಷ್ಟು ಹಮಾಲರು ಬೇಕು ಎಂಬ ಸುದ್ದಿ, ಊರ ಬಸ್ಸಿನಲ್ಲಿ ಯಾರ ಗಂಟು ಬಂದಿದೆ ಎಂಬ ಕೂಗು. ಆರು ಗಂಟೆಯಿಂದ ಅರ್ಧ ತಾಸು ಚಂದ್ರಬಾಯಿಯ ಬೀಸುವ ಪದ.

ದಿನವಿಡೀ ಅವಳು ಗೋದಾಮಿನಲ್ಲಿ ಕಾಳು ಆರಿಸುತ್ತಾಳೆ. ಕೂಲಿಯವರ ಮೇಲಿನ ಮುಕಾದಮ ಅವಳನ್ನು ಕರೆಯುವುದು ‘ಏ ಬಾಯಿ’ ಎಂದು. ಆ ಅರ್ಧ ತಾಸು ಮಾತ್ರ ಅವಳು ಚಂದ್ರಬಾಯಿ. ಹಾಡು ಮುಗಿಸಿ ಅಂಗಡಿಯಿಂದ ಇಳಿದು ಬರುವಾಗ ಅವಳ ನಡಿಗೆಯೇ ಬೇರೆ. ಅದನ್ನು ನೋಡುವುದಕ್ಕೆಂದೇ ನಾನು ಚಹಾ ಹಿಡಿದು ಬಾಗಿಲಲ್ಲಿ ಕೂರುತ್ತಿದ್ದೆ. ಅವಳಿಗೆ ಇದನ್ನು ಎಂದೂ ಹೇಳಲಿಲ್ಲ.

ರೇಡಿಯೊ ಕೊಳ್ಳುವವನು ಪಕ್ಕದ ಕೋಪರಖೈರಣೆಯ ಕೇಬಲ್ ಟೀವಿಯವನು. ನಾನು ಗುರುನಾಥನ ಅಂಗಡಿಗೆ ಹೋಗಿ ಎದುರಿಗೆ ನಿಂತೆ.

“ಚಂದ್ರಬಾಯಿ ಹಾಡು ಇರತೈತೋ ಇಲ್ಲೋ, ಅಷ್ಟ ಹೇಳು.”

“ಇರತೈತಿ ಅಂತ ಅನಸ್ತೈತಿ, ಯಂಕಪ್ಪ. ನನ್ನ ಕೈ ನಡಗತಾವ, ತಂತಿ ಹಿಡಿಯಾಕ ಆಗವಲ್ದು. ಅವ್ನೂ ಬಡವರ ಮಗನ, ಕೆಟ್ಟಂವಲ್ಲ.”

‘ಅನಸ್ತೈತಿ’ ಎಂದರೆ ಏನು? ಮನುಷ್ಯ ಮುಖ ನೋಡಿ ಮಾತಾಡಲಿಲ್ಲ, ಬೆಸುಗೆ ಕಡ್ಡಿ ನೋಡುತ್ತ ಮಾತಾಡಿದ. ಇವನು ಏನೋ ಮುಚ್ಚಿಡುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಮುಚ್ಚಿಟ್ಟಿದ್ದು ನಿಜ, ಏನನ್ನು ಎಂದು ತಿಳಿದದ್ದು ಆಮೇಲೆ.

ಒಂದು ವಾರಕ್ಕೆ ಕೇಬಲ್‌ನವನು ಕಳಿಸಿದ ಹುಡುಗಿಯೊಬ್ಬಳು ಕಾಗದದ ಕಟ್ಟು ಹಿಡಿದು ನಮ್ಮ ಗಲ್ಲಿಯ ಆ ತುದಿಯ ಮರಾಠಿ ಮನೆಗಳಿಂದ ಶುರು ಮಾಡಿದಳು. ಎಷ್ಟು ಜನ, ಎಷ್ಟು ವರ್ಷದಿಂದ ಇದ್ದೀರಿ, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ. ಹಿಂದಿನ ವರ್ಷ ರೈಲು ಹಳಿಯ ಪಕ್ಕದ ಸಾಲಿಗೆ ಹೀಗೇ ಯಾರೋ ಕಾಗದ ಹಿಡಿದು ಬಂದಿದ್ದರು. ತಿಂಗಳಾಗುವುದರೊಳಗೆ ಆ ಸಾಲೇ ಇರಲಿಲ್ಲ. ಹಾವು ಕಡಿದವನಿಗೆ ಹಗ್ಗ ಕಂಡರೂ ಹೆದರಿಕೆ. ರೇಡಿಯೊ ಹೆಸರಿನಲ್ಲಿ ಮರಾಠಿ ಅಲ್ಲದ ಹೊರಗಿನವರು ಯಾರೆಂದು ಪಟ್ಟಿ ಮಾಡಿಸುತ್ತಿದ್ದಾರೆ, ಅದಕ್ಕೇ ಗುರುನಾಥ ಮುಖ ತಪ್ಪಿಸಿದ. ಎಲ್ಲ ಕೂಡಿ ಬಂತು ನನ್ನ ತಲೆಯಲ್ಲಿ.

ಆ ಸಂಜೆ ಮನೆಮನೆ ತಿರುಗಿದೆ. “ಮರಾಠಿ ಅನ್ರಿ. ಸೋಲಾಪುರದವ್ರು ಅನ್ರಿ. ಕನ್ನಡ ಅಂದ್ರ ನಮ್ಮ ಕಾಲ ಮ್ಯಾಲ ನಾವ ಕಲ್ಲು ಎತ್ತಿ ಹಾಕ್ಕೊಂಡಂಗ.” ನನ್ನ ಜೊತೆ ಮೂಟೆ ಹೊರುವ ಭೀಮು ಆಗಲಿ ಎಂದು ತಲೆಯಾಡಿಸಿದ, ಪಕ್ಕದ ಮನೆಯ ಸತ್ಯಮ್ಮ ಹೆದರಿ ಮಕ್ಕಳಿಗೂ ಬಾಯಿಪಾಠ ಮಾಡಿಸಿದಳು. ಯಂಕಪ್ಪ ಹೇಳಿದರೆ ಅದರಲ್ಲಿ ಏನೋ ಇರುತ್ತದೆ ಎಂದರು ಎಲ್ಲರೂ. ನನಗೆ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಹುಡುಗಿ ನಮ್ಮ ಬಾಗಿಲಿಗೆ ಬಂದಳು. ಮೊದಲು ಹಿಂದಿಯಲ್ಲಿ ಕೇಳಿದಳು, ಆಮೇಲೆ ಒಳಗೆ ಇಣುಕಿ ಚಂದ್ರಬಾಯಿಯನ್ನು ನೋಡಿದ್ದೇ ಕನ್ನಡಕ್ಕೆ ತಿರುಗಿದಳು. ಪುಸ್ತಕದಲ್ಲಿ ಇರುತ್ತದಲ್ಲ, ಅಂಥ ಕನ್ನಡ.

“ಅಮ್ಮ, ನಾನು ಪ್ರೇಕ್ಷಾ. ಡೊಂಬಿವ್ಲಿಯವಳು, ನಮ್ಮ ಊರು ಮೂಲ್ಕಿ. ನೀವು ಮನೆಯಲ್ಲಿ ಕನ್ನಡ ಅಲ್ವಾ ಮಾತಾಡೋದು?”

ಕೇಬಲ್‌ನವನ ಹುಡುಗಿಗೆ ಕನ್ನಡ ಯಾಕೆ ಬರಬೇಕು? ನಮ್ಮ ಬಾಯಿ ಬಿಡಿಸಲು ಹುಡುಕಿ ಕಳಿಸಿದ್ದಾರೆ ಎಂದುಕೊಂಡೆ. “ಮರಾಠೀ,” ಎಂದೆ. “ಆಮ್ಹೀ ಸೋಲಾಪುರಚೇ.”

ಅವಳು ಬರೆಯಲಿಲ್ಲ. ಪೆನ್ನು ಹಿಡಿದುಕೊಂಡೇ ಚಂದ್ರಬಾಯಿಯ ಕಡೆ ನೋಡಿದಳು. “ಬೆಳಿಗ್ಗೆ ಡಬ್ಬಿಯಲ್ಲಿ ಹಾಡುವವರು ನೀವೇ ಅಲ್ವಾ? ಅಂಗಡಿಯಲ್ಲಿ ನಿಮ್ಮ ಟೇಪ್ ಕೇಳಿದೆ. ನನಗೆ ತುಂಬ ಇಷ್ಟ ಆಯ್ತು.”

ಚಂದ್ರಬಾಯಿಯ ಮುಖ ಅರಳಿತು. ಅವಳು ನನ್ನ ಕಡೆ ನೋಡಿದಳು. ನಾನು ಕಣ್ಣಲ್ಲೇ ಗದರಿಸಿದೆ.

“ನಾಹೀ,” ಎಂದಳು. “ತೀ ಮೀ ನಾಹೀ.” ಅವಳು ನಾನಲ್ಲ.

ಪ್ರೇಕ್ಷಾ ಏನೋ ಬರೆದುಕೊಂಡು, ಕಾಗದದ ಮೇಲೆ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡು ಪಕ್ಕದ ಮನೆಗೆ ಹೋದಳು. ನಾನು ಗೆದ್ದವನ ಹಾಗೆ ಬೀಡಿ ಹಚ್ಚಿದೆ.

ಗುಡಿಸಲು ಒಡೆಯಲು ಯಾರೂ ಬರಲಿಲ್ಲ. ಮುಂದಿನ ತಿಂಗಳ ಒಂದನೆಯ ತಾರೀಖು ಡಬ್ಬಿ ಕೆಮ್ಮದೆಯೇ ಎದ್ದಿತು. ಹಿಂದಿ ಸಿನಿಮಾ ಹಾಡು, ಮರಾಠಿ ಭಾವಗೀತೆ, ನೌಪಾಡಾದ ಸೀರೆ ಅಂಗಡಿಯ ಜಾಹೀರಾತು. ಆರು ಗಂಟೆಗೆ ಚಂದ್ರಬಾಯಿ ಅಂಗಡಿಯವರೆಗೂ ಹೋಗಿ ಬಾಗಿಲಿಗೆ ಹೊಸ ಬೀಗ ನೋಡಿ ವಾಪಸು ಬಂದಳು. ನನ್ನ ಮೈ ಉರಿದುಹೋಯಿತು. ನೆಟ್ಟಗೆ ಗುರುನಾಥನ ಮನೆಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲ ಕೇಳಿಸಿಕೊಂಡ.

“ಮಾರೂ ಮುಂದ ಒಂದು ಷರತ್ತು ಹಾಕಿದ್ದೆ, ಯಂಕಪ್ಪ. ಎಪ್ಪತ್ತು ಮನಿ ಕನ್ನಡದವು ಇದ್ರ ಮುಂಜಾನಿ ಒಂದು ತಾಸು ಕನ್ನಡದ್ದ ಇರಬೇಕು ಅಂತ. ಅಂವ ಒಪ್ಪಿದ್ದ. ಆ ಹುಡುಗೀನ ನಾನ ಹುಡುಕಿಸಿದ್ದು, ಕನ್ನಡ ಬಲ್ಲಾಕಿ ಇದ್ರ ನಮ್ಮ ಮಂದಿ ಬಿಚ್ಚಿ ಮಾತಾಡ್ತಾರ ಅಂತ.”

“ನಮಗ್ಯಾಕ ಹೇಳಲಿಲ್ಲ?”

“ಮೊದಲ ಕಲಿಸಿಕೊಡಬ್ಯಾಡ, ಮಂದಿ ಖರೇ ಹೇಳಲಿ ಅಂದ ಅಂವ. ನಾ ಮಾತು ಕೊಟ್ಟಿದ್ದೆ. ಖರೇ ಹೇಳಾಕ ಏನು ಕಲಿಸೋದು ಅಂತ ನಾನೂ ಸುಮ್ಮನಿದ್ದೆ.”

“ಎಷ್ಟು ಮನಿ ಕನ್ನಡ ಅಂದ್ವು?”

“ಒಂದ. ನಂದು.”

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅತಿ ಜಾಣ ಮಣ್ಣು ತಿಂದ ಎನ್ನುವ ಹಾಗೆ ಆಗಿತ್ತು ನನ್ನ ಗತಿ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅದೇ ಸಂಜೆ ಮತ್ತೆ ಮನೆಮನೆ ತಿರುಗಿದೆ. ಎಲ್ಲ ಕೂಡಿ ಕೋಪರಖೈರಣೆಗೆ ಹೋಗೋಣ, ನಾವು ಕನ್ನಡದವರು ಎಂದು ಹೇಳೋಣ ಎಂದೆ. ಸತ್ಯಮ್ಮ ಅರ್ಧ ಬಾಗಿಲು ಮುಚ್ಚಿ ಮಾತಾಡಿದಳು. ಭೀಮು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಹೋದ ತಿಂಗಳು ಮರಾಠಿ ಅನ್ರಿ ಅಂದಿ. ಈಗ ಕನ್ನಡ ಅನ್ರಿ ಅಂತಿ. ನಿನ್ನ ಕಿವಿಯಾಗ ಯಾರು ಊದ್ಲಿಕತ್ತಾರ, ಯಂಕಣ್ಣ?”

“ನನ್ನ ತಪ್ಪೋ ಮಾರಾಯ. ಖರೇ ಹೇಳಾಕತ್ತೀನಿ.”

“ಅವತ್ತೂ ಖರೇನ ಅಂದಿದ್ದಿ.”

ಒಬ್ಬನೂ ಬರಲಿಲ್ಲ. ನಾನೊಬ್ಬನೇ ಹೋದೆ. ಕೇಬಲ್‌ನವನು ಚಹಾ ಕೊಟ್ಟು, ಕಟ್ಟಿನಿಂದ ನಮ್ಮ ಮನೆಯ ಕಾಗದ ತೆಗೆದು ನನ್ನ ಹೆಬ್ಬೆಟ್ಟು ತೋರಿಸಿದ. ಅಂದು ಸುಳ್ಳು ಹೇಳಿದಿರೋ ಇಂದು ಹೇಳುತ್ತಿದ್ದೀರೋ ನನಗೆ ಹೇಗೆ ತಿಳಿಯಬೇಕು ಎಂದು ಹಿಂದಿಯಲ್ಲಿ ಮೆತ್ತಗೆ ಕೇಳಿದ. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಮನೆಗೆ ಬಂದು ಚಂದ್ರಬಾಯಿಗೆ ಎಲ್ಲ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ, ಬಾಗಿಲಲ್ಲಿ ಚಹಾ ಹಿಡಿದು ಕೂರುತ್ತಿದ್ದದ್ದು ಯಾಕೆ ಎನ್ನುವುದನ್ನೂ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು.

“ಡಬ್ಬಿ ಹೋದ್ರ ಹೋಗಲಿ,” ಎಂದೆ. “ಮನಿಯಾಗರ ಹಾಡು. ನಾ ಕೇಳ್ತೀನಿ.”

“ನೀವು ಅಂಜಿದ್ರಿ, ನಾನೂ ಅಂಜಿದೆ. ಅದಕ್ಕ ನನಗ ಸಿಟ್ಟಿಲ್ಲ,” ಎಂದಳು. “ನಿನ್ನೆ ನೀವು ಕೆಲಸಕ್ಕ ಹ್ವಾದ ಮ್ಯಾಲ ಹಾಡಾಕ ನೋಡಿದೆ. ಆ ಬೀಗ ನೋಡಿ ಬಂದಾಗಿಂದ ಬಾಯಿ ತಗದ್ರ ಪದ ಬರವಲ್ದು. ಆ ಹುಡುಗಿ ಮುಂದ ‘ನಾ ಅಲ್ಲ’ ಅಂದೆ ನೋಡ್ರಿ, ಪದದ ಬದಲಿ ಅದ ಬರತೈತಿ.”

ಕೊನೆಯ ರೊಟ್ಟಿ ಬುಟ್ಟಿಗೆ ಹಾಕಿ, ಕೈ ತೊಳೆದುಕೊಂಡು ಅವಳು ನನಗೆ ಊಟಕ್ಕೆ ಬಡಿಸಿದಳು.