ಕೋರೆಯ ಲೋಳೆಮೀನು, ಡ್ರಮ್ಮಿನ ಮೈಲುತುತ್ತು

ಮೇ ತಿಂಗಳು ಬಂತೆಂದರೆ ಪೆರಾಬೆಯ ಕಡೆ ಮಾತು ಶುರುವಾಗುವುದೇ ನೀರಿನಿಂದ. "ನಿಮ್ಮಲ್ಲಿ ನೀರು ಉಂಟಾ?" ಎಂದು ಕೇಳಿದ ಮೇಲೆಯೇ "ಊಟ ಆಯ್ತಾ?" ಎಂದು ಕೇಳುವುದು. ಈ ವರ್ಷವೂ ದೇರಣ್ಣನ ಬಾವಿಯಲ್ಲಿ ಕೊಡ ಕೆಸರಿಗೆ ತಾಗುತ್ತಿತ್ತು. ಗುಡ್ಡದ ಮೇಲೆ ಕೆಂಪು ಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯೊಂದಿದೆ. ಮಳೆಗಾಲದಲ್ಲಿ ತುಂಬಿದ ನೀರು ಅಲ್ಲಿ ಬೇಸಿಗೆಯವರೆಗೂ ನಿಲ್ಲುತ್ತದೆ. ಅದನ್ನೇ ಪಂಪಿನಿಂದ ಇಳಿಸಿ ಅವನು ತೋಟಕ್ಕೂ ಮನೆಗೂ ಬಳಸುತ್ತಿದ್ದ.

ಒಂದು ಬೆಳಿಗ್ಗೆ ಪಂಪು ಚಾಲೂ ಮಾಡಲು ಹೋದಾಗ ಕೋರೆಯ ನೀರಿನಲ್ಲಿ ಅವು ಕಂಡವು. ರೂಪಾಯಿ ನಾಣ್ಯದಷ್ಟು ಅಗಲ, ಗಾಜಿನ ಹಾಗೆ ತಿಳಿ, ಅಂಚಿನ ಸುತ್ತ ಕೂದಲಿನಂತಹ ಎಳೆಗಳು. ಕೊಡೆ ಬಿಚ್ಚಿ ಮಡಚುವ ಹಾಗೆ ಮೈಯನ್ನು ಬಿಚ್ಚುತ್ತ ಮಡಚುತ್ತ ಮೇಲೇರುತ್ತಿದ್ದವು. ಒಂದೆರಡಲ್ಲ, ಕಣ್ಣು ಹೋದಲ್ಲೆಲ್ಲ.

ಜೊತೆಗೆ ಬಂದಿದ್ದ ಮೊಮ್ಮಗಳು ಭವಿತಾ ಅವನಿಗಿಂತ ಮೊದಲೇ ಗುರುತು ಹಿಡಿದಿದ್ದಳು. ಅವಳು ಕೂಗಲಿಲ್ಲ. ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡು ಹಿಂದೆ ಸರಿದಳು.

ಆ ಎಡಗೈಯಲ್ಲಿ ಬಾರುಕೋಲಿನಿಂದ ಹೊಡೆದಂತಹ ಕಂದು ಗೆರೆಗಳಿದ್ದವು. ಕಳೆದ ದೀಪಾವಳಿ ರಜೆಯಲ್ಲಿ ಕಡಲು ನೋಡಲು ಹೋದಾಗ ಆದದ್ದು. ಮರಳಿನ ಮೇಲೆ ಸತ್ತು ಬಿದ್ದಿದ್ದ ಲೋಳೆಮೀನನ್ನು, ಪೇಟೆಯವರು ಜೆಲ್ಲಿಫಿಶ್ ಅನ್ನುವುದನ್ನು, ಅವಳು ಆಡಲು ಎತ್ತಿಕೊಂಡಿದ್ದಳು. ಎಳೆಗಳು ಕೈಗೆ ಸುತ್ತಿಕೊಂಡವು. ಕಣಜದ ಹುಳ ಕಚ್ಚಿದರೆ ಊರಿನಲ್ಲಿ ಏನು ಮಾಡುತ್ತಾರೋ ದೇರಣ್ಣ ಅದನ್ನೇ ಮಾಡಿದ. ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಬಳಿದ, ಮರಳು ಹಾಕಿ ಉಜ್ಜಿದ, ಕುಡಿಯುವ ನೀರಿನ ಬಾಟಲಿಯಿಂದ ತೊಳೆದ. "ಉರಿಯುದಿಲ್ಲ ಮಗ, ಈಗ ಹೋಗ್ತದೆ" ಎನ್ನುತ್ತಲೇ ಇದ್ದ. ಮಗು ಮಾತ್ರ ಆಸ್ಪತ್ರೆ ಸೇರುವವರೆಗೂ ಕಿರುಚಿತು. ಗಾಯ ಮಾಗಿದ ಮೇಲೆ ಆ ದಿನದ ಬಗ್ಗೆ ಅವಳು ಏನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಊಟಕ್ಕೆ ಕುಳಿತಾಗಲೂ ಅದು ಇಬ್ಬರ ನಡುವೆ ಕುಳಿತಿರುತ್ತಿತ್ತು.

ಕೋರೆಯಲ್ಲಿ ಅವನ್ನು ಕಂಡ ದಿನದಿಂದ ಭವಿತಾ ಸ್ನಾನ ಬಿಟ್ಟಳು. ಕುಡಿಯಲು ಕೊಟ್ಟ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಹಾಗೆಯೇ ಕೆಳಗಿಡುತ್ತಿದ್ದಳು. ಆ ಸೆಕೆಗೆ ಅವಳ ತುಟಿ ಒಡೆಯಿತು. ಅಜ್ಜಿ ತಿಮ್ಮಕ್ಕ ಗದರಿದಳು, ಮುದ್ದು ಮಾಡಿದಳು, ಎರಡೂ ನಡೆಯಲಿಲ್ಲ.

ದೇರಣ್ಣ ಯಾರಲ್ಲೂ ಕೇಳಲು ಹೋಗಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯಲೆಂದು ತಂದಿಟ್ಟ ಮೈಲುತುತ್ತು, ತಾಮ್ರದ ನೀಲಿ ವಿಷದ ಹರಳು, ಮನೆಯಲ್ಲಿತ್ತು. ಅದನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಜೀಪಿಗೆ ಏರಿಸಿ, ಭವಿತಾಳನ್ನು ಕರೆದ.

"ಬಾ ಮಗ. ನಿನ್ನ ಕಣ್ಣೆದುರೇ ಎಲ್ಲವನ್ನೂ ಮುಗಿಸ್ತೇನೆ."

ಅವಳು ಬಂದಳು. ಕೋರೆಯಿಂದ ದೂರ, ಗೇರುಮರದ ಕೆಳಗೆ ನಿಂತಳು. ಅಲ್ಲಿಂದ ಮುಂದೆ ಒಂದು ಹೆಜ್ಜೆಯೂ ಇಡಲಿಲ್ಲ.

ಅವನು ಡ್ರಮ್ಮಿನ ಮುಚ್ಚಳ ತೆಗೆಯುವಾಗ ಗುಡ್ಡದ ಕೆಳಗಿನ ಮನೆಯ ಕುಂಞಿಪಾತುಮ್ಮ ಏದುಸಿರು ಬಿಡುತ್ತ ಹತ್ತಿ ಬಂದಳು. ಜೀಪು ಮೇಲೆ ಹೋದದ್ದನ್ನು ನೋಡಿದ್ದಳು.

"ದೇರಣ್ಣ, ಅದೆಂತ ನೀಲಿ?"

"ಮೈಲುತುತ್ತು."

"ಕೋರೆಗೂ ಕೊಳೆರೋಗ ಬಂತಾ?"

"ತಮಾಷೆ ಬೇಡ ಪಾತುಮ್ಮ. ನೀರಿನಲ್ಲಿ ಎಂತ ಉಂಟು ನೋಡಿದ್ದೀರಾ?"

"ಮೊನ್ನೆಯೇ ನೋಡಿದ್ದೇನೆ. ನರ್ಸಮ್ಮನಿಗೆ ಫೋಟೋ ಕಳಿಸಿ ಆಗಿದೆ. ಈಗ ಬರ್ತೇನೆ ಹೇಳಿದ್ದಾರೆ. ಅಷ್ಟರವರೆಗೆ ಮುಚ್ಚಳ ಹಾಕಿ ಮಾರಾಯ್ರೆ."

"ಬಂದು ಮೀನಿಗೆ ಇಂಜೆಕ್ಷನ್ ಕೊಡುದಾ ಅವರು?"

ಕುಂಞಿಪಾತುಮ್ಮ ನಗಲಿಲ್ಲ. "ನನ್ನ ಬಾವಿಗೆ ನೀರು ಎಲ್ಲಿಂದ ಬರುದು ದೇರಣ್ಣ?"

ಅವನ ಕೈ ಅಲ್ಲಿಗೇ ನಿಂತಿತು. ಕೆಂಪು ಕಲ್ಲು ಜರಡಿಯ ಹಾಗೆ, ಮೇಲೆ ನಿಂತ ನೀರು ಮೆಲ್ಲಗೆ ಕೆಳಗೆ ಜಿನುಗುತ್ತದೆ. ಕೋರೆಯ ನೇರಕ್ಕೆ ತೋಡಿದರೆ ಬೇಸಿಗೆಯಲ್ಲೂ ನೀರಿರುತ್ತದೆ ಎಂದು ಅವಳಿಗೆ ಬಾವಿಯ ಜಾಗ ತೋರಿಸಿಕೊಟ್ಟವನೇ ಅವನು.

"ಸ್ವಲ್ಪ ದಿನ ಬಾವಿ ನೀರು ಕುಡಿಬೇಡಿ. ನಾನೇ ಜೀಪಿನಲ್ಲಿ ತಂದು ಹಾಕ್ತೇನೆ."

"ಎಲ್ಲಿಂದ ತರುದು?"

ಅವನು ಗೇರುಮರದ ಕಡೆ ತಿರುಗಿದ. ಮಗು ಒಡೆದ ತುಟಿಯನ್ನು ನಾಲಗೆಯಿಂದ ಸವರಿಕೊಳ್ಳುತ್ತಿತ್ತು. ಅವನು ಡ್ರಮ್ಮಿನ ಅಂಚು ಹಿಡಿದು ವಾಲಿಸಿದ. ನೀಲಿ ನೀರು ಬಾಯಿಯವರೆಗೆ ಬಂದು ನಿಂತಿತು. ಅಷ್ಟರಲ್ಲಿ ಗುಡ್ಡದ ತಿರುವಿನಲ್ಲಿ ಸ್ಕೂಟರಿನ ಸದ್ದು ಕೇಳಿತು.

ಆರೋಗ್ಯ ಕೇಂದ್ರದ ನರ್ಸ್ ಪ್ರೀತಿಕಾ ಸ್ಕೂಟರ್ ನಿಲ್ಲಿಸಿದಳು. ಡ್ರಮ್ಮು ನೋಡಿದಳು, ಅವನ ಮುಖ ನೋಡಿದಳು. ಬೈಯಲಿಲ್ಲ.

"ದೇರಣ್ಣ, ನಿಮ್ಮ ಜೀಪಿನಲ್ಲಿ ಹಗ್ಗ, ಬಕೆಟ್ ಉಂಟಾ? ಒಂದು ಬಕೆಟ್ ನೀರು ತೆಗೀತೇನೆ. ಆಮೇಲೆ ನಿಮಗೆ ಸರಿ ಕಂಡದ್ದು ಮಾಡಿ."

ಅವನು ಡ್ರಮ್ಮನ್ನು ನೆಟ್ಟಗೆ ಮಾಡಿದ. ಮುಚ್ಚಳ ಮಾತ್ರ ಹಾಕಲಿಲ್ಲ.

"ಅಂಚಿಗೆ ಯಾರೂ ಬರಬೇಡಿ. ಇಲ್ಲಿ ಮೀನಿಗಿಂತ ಜಾರುವ ಕಲ್ಲೇ ಅಪಾಯ" ಎನ್ನುತ್ತ ಅವಳು ದೂರದಿಂದಲೇ ಬಕೆಟ್ ಇಳಿಸಿ ಎಳೆದಳು. ಬಕೆಟ್ಟಿನೊಳಗೆ ಮೂರ್ನಾಲ್ಕು ಗಾಜಿನ ಕೊಡೆಗಳು ಬಿಚ್ಚಿ ಮಡಚುತ್ತಿದ್ದವು.

"ಫೋಟೋವನ್ನು ಪುತ್ತೂರಿನ ಕಾಲೇಜಿನ ಒಬ್ಬರು ಪ್ರಾಣಿಶಾಸ್ತ್ರದ ಮೇಡಮ್ಮಿಗೆ ಕಳಿಸಿದೆ. ಇದು ಸಿಹಿನೀರಿನ ಲೋಳೆಮೀನು. ಇದಕ್ಕೂ ವಿಷದ ಮುಳ್ಳು ಉಂಟು, ಆದರೆ ಅದು ನೀರಿನ ಸಣ್ಣ ಹುಳ ಹಿಡಿಲಿಕ್ಕೆ. ನಮ್ಮ ಚರ್ಮ ದಾಟುವ ಶಕ್ತಿ ಅದಕ್ಕೆ ಸಾಮಾನ್ಯವಾಗಿ ಇಲ್ಲ. ನೀರು ಬೆಚ್ಚಗಾದಾಗ ಹೀಗೆ ಮೇಲೆ ಬರ್ತದೆ, ಕೆಲವು ವಾರದಲ್ಲಿ ತಾನೇ ಹೋಗ್ತದೆ."

"ಕಡಲಲ್ಲಿ ಕಚ್ಚಿದ್ದೂ ಇದೇ ರೂಪದ್ದು."

"ಕೇರೆಯೂ ನಾಗರವೂ ಹಾವೇ ಅಲ್ವಾ? ಕೇರೆ ಕಂಡರೆ ಇಲಿ ಹಿಡಿಲಿ ಅಂತ ನೀವೇ ತೋಟದಲ್ಲಿ ಬಿಡ್ತೀರಿ."

"ಅದು ಹುಟ್ಟಿದಾಗಿಂದ ನೋಡಿದ ಹಾವು. ಇದು ನಿನ್ನೆ ಮೊನ್ನೆಯದ್ದು."

ಪ್ರೀತಿಕಾ ಬಳೆ ಮೇಲೆ ಸರಿಸಿ ಬಕೆಟ್ಟಿನಲ್ಲಿ ಕೈ ಇಟ್ಟಳು. ಒಂದು ಕೊಡೆ ಅವಳ ಮಣಿಕಟ್ಟಿಗೆ ತಾಗಿ, ತಿರುಗಿ ಹೋಯಿತು. ಅವಳು ಕೈ ತೆಗೆಯಲಿಲ್ಲ.

"ನೀವು ನರ್ಸ್. ಉರಿದರೂ ಹೇಳ್ಲಿಕ್ಕಿಲ್ಲ" ಎಂದ ದೇರಣ್ಣ. "ನನ್ನ ಮಗುವನ್ನು ಆವತ್ತು ಉಳಿಸಿದ್ದು ಸುಣ್ಣ. ಪುಸ್ತಕದ ಮಾತಲ್ಲ."

ಪ್ರೀತಿಕಾ ಕೈ ತೆಗೆದು ಒರೆಸಿಕೊಂಡಳು. "ನಾನು ಕಡಲಿನ ದಡದಲ್ಲಿ ಹುಟ್ಟಿದವಳು. ನನ್ನ ಅಪ್ಪ ಬಲೆಗೆ ಬಂದ ಲೋಳೆಮೀನನ್ನು ಬರಿಗೈಯಲ್ಲಿ ಮುಟ್ಟುದಿಲ್ಲ, ಸತ್ತದ್ದನ್ನೂ. ಅದರ ಎಳೆ ಮೈಗೆ ಹಿಡಿದರೆ ಸಿಡಿಯದೆ ಉಳಿದ ಮುಳ್ಳು ಎಷ್ಟೋ ಇರ್ತವೆ. ಉಜ್ಜಿದರೆ ಅವೂ ಸಿಡೀತವೆ. ಸಿಹಿನೀರು ಹಾಕಿದರೂ ಸಿಡೀತವೆ. ಸುಣ್ಣದಿಂದ ಚರ್ಮ ಇನ್ನೂ ಸುಡ್ತದೆ."

"ಅಂದರೆ?"

ಅವಳು ಗೇರುಮರದ ಕಡೆ ನೋಡಿದಳು. ಕುಂಞಿಪಾತುಮ್ಮ ನೆಲ ನೋಡಿದಳು. ದೇರಣ್ಣ ಮಗುವಿನ ಎಡಗೈಯ ಗೆರೆಗಳನ್ನು ನೋಡಿದ. ಎಷ್ಟು ಗೆರೆ ಮೀನಿನದ್ದು, ಎಷ್ಟು ತನ್ನದು ಎಂದು ಇಷ್ಟು ದೂರದಿಂದ ಹೇಳಲು ಆಗುವಂತಿರಲಿಲ್ಲ. ಹತ್ತಿರ ಹೋದರೂ ಆಗುತ್ತಿರಲಿಲ್ಲ.

ಅವನು ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಕೈ ಮುಳುಗಿಸಿದ. ಹಲ್ಲು ಕಚ್ಚಿ ಕಾದ. ಒಂದು ಕೊಡೆ ಬೆರಳ ಸಂದಿಯಲ್ಲಿ ನುಸುಳಿತು. ನೀರು ತಂಪಾಗಿತ್ತು, ಅಷ್ಟೇ.

"ಅಜ್ಜ, ಉರಿತದಾ?" ಗೇರುಮರದ ಕೆಳಗಿನಿಂದ ಧ್ವನಿ ಬಂತು.

"ಇಲ್ಲ."

"ಆವತ್ತೂ ನೀವು ಇಲ್ಲ ಅಂದದ್ದು."

ಕೈ ನೀರಿನಲ್ಲೇ ಇತ್ತು. ಅವನು ಅವಳ ಮುಖ ನೋಡಿ ಹೇಳಿದ, "ಆವತ್ತು ಉರೀತಿತ್ತು ಮಗ. ನೀನು ಹೇಳಿದ್ದೇ ಸರಿ. ನಾನು ಉಜ್ಜಬಾರದಿತ್ತು. ಗೊತ್ತಿಲ್ಲದೆ ಉಜ್ಜಿದೆ. ಇದು ಉರಿಯುದಿಲ್ಲ."

ಭವಿತಾ ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಆಮೇಲೆ ನಿಧಾನವಾಗಿ ಬಂದು ಅವನ ಬೆನ್ನಿಗೆ ಒರಗಿ ಬಕೆಟ್ಟಿನೊಳಗೆ ಇಣುಕಿದಳು. ಎಡಗೈಯ ಒಂದೇ ಬೆರಳನ್ನು ನೀರಿಗೆ ತಾಗಿಸಿದಳು. ತೆಗೆದಳು. ಮತ್ತೆ ತಾಗಿಸಿದಳು.

"ಇದಕ್ಕೆ ಕಣ್ಣು ಎಲ್ಲಿ ಉಂಟು?" ಎಂದು ಕೇಳಿದಳು.

"ಅದನ್ನು ಕಾಲೇಜಿನ ಮೇಡಮ್ಮಿನಲ್ಲಿ ಕೇಳಬೇಕು" ಎಂದಳು ಪ್ರೀತಿಕಾ. "ಕೋರೆ ನೀರು ಮಾತ್ರ ಸೋಸಿ ಕುದಿಸಿಯೇ ಕುಡಿಬೇಕು ಆಯ್ತಾ. ಮೀನಿಗೆ ಹೆದರಿ ಅಲ್ಲ, ಕಣ್ಣಿಗೆ ಕಾಣದ ಕ್ರಿಮಿಗೆ."

ಕುಂಞಿಪಾತುಮ್ಮ ತಾನೇ ಹೋಗಿ ಡ್ರಮ್ಮಿನ ಮುಚ್ಚಳ ಒತ್ತಿ ಹಾಕಿದಳು. "ಇನ್ನು ಇದು ಅಡಿಕೆಗೆ ಸಾಕು."

ದೇರಣ್ಣ ಜೀಪನ್ನು ಅವಳ ಬಾವಿಯ ಪಕ್ಕದ ದಾರಿಯಲ್ಲಿ ತುಂಬ ನಿಧಾನವಾಗಿ ಇಳಿಸಿದ. ಒಂದು ತೊಟ್ಟೂ ಚೆಲ್ಲಲಿಲ್ಲ. ಮದ್ದು ಹೊಡೆಯುವ ದಿನ ಮೈಲುತುತ್ತಿನ ಜೊತೆ ಸೇರಬೇಕಾದ ಸುಣ್ಣ ಡ್ರಮ್ಮಿಗೇ ಸೇರಿತು, ಯಾರ ಗಾಯಕ್ಕೂ ಅಲ್ಲ. ಕೋರೆಯಿಂದ ಬಂದ ಸಂಜೆಯೇ ಬಚ್ಚಲಿನಲ್ಲಿ ಭವಿತಾಳ ಚೊಂಬಿನ ಸದ್ದು ಕೇಳಿದಾಗ ತಿಮ್ಮಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾವು ಗುಡ್ಡದ ಮೇಲಿನವರು. ಕಡಲಿಗೆ ವರ್ಷಕ್ಕೊಮ್ಮೆ ಹೋಗುವವರು. ಹೋದಾಗ ದಡದಲ್ಲಿ ಲೋಳೆಮೀನು ಕಂಡರೆ ಸತ್ತದ್ದಾದರೂ ಮುಟ್ಟಬೇಡಿ, ಮಕ್ಕಳಿಗೂ ಹೇಳಿ. ತಾಗಿದರೆ ಕೂಡಲೇ ನೀರಿನಿಂದ ಹೊರಗೆ ಬನ್ನಿ. ಉಜ್ಜಬೇಡಿ. ಸುಣ್ಣ, ಮರಳು, ಬಾಟಲಿ ನೀರು ಯಾವುದೂ ಬೇಡ. ಕಡಲ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ಮೆಲ್ಲಗೆ ತೆಗೆಯಿರಿ. ಆಮೇಲೆ ತಾಗಿದ ಜಾಗವನ್ನು ತಾಳುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ನೋವು ಇಳಿಯುತ್ತದೆ. ನೀರು ಚರ್ಮ ಸುಡುವಷ್ಟು ಬಿಸಿ ಇರಬಾರದು. ಉಸಿರು ಕಟ್ಟಿದರೆ, ಮುಖ ಬಾತರೆ, ಎದೆ ನೋವು ಅಥವಾ ವಾಂತಿ ಬಂದರೆ, ಕಣ್ಣಿಗೆ ತಾಗಿದರೆ, ತಾಗಿದ್ದು ಚಿಕ್ಕ ಮಗುವಿಗಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಊರಿನ ಕೋರೆಯಲ್ಲೋ ಕೆರೆಯಲ್ಲೋ ಗುರುತಿಲ್ಲದ ಜೀವಿ ಕಂಡರೆ ಕೈ ಹಾಕುವ ಮೊದಲು, ಮದ್ದು ಸುರಿಯುವ ಮೊದಲು, ಆರೋಗ್ಯ ಕೇಂದ್ರಕ್ಕೆ ಒಂದು ಫೋನು ಮಾಡಿ. ನೀವು ಸುರಿದದ್ದು ಅಲ್ಲಿಯೇ ನಿಲ್ಲುವುದಿಲ್ಲ. ಕೆಳಗೆ ಯಾರದೋ ಬಾವಿ ಇದೆ.